ಕಾಗದ ಓದಿಕೊಟ್ಟವರು, ಫೋನ್ ಒತ್ತಿಕೊಡುವವರು

ಕಳೆದ ಪೆರ್ನಾಲ್‌ಗೆ ಮೊದಲು ಮನೆಗೆ ಪೇಂಟ್ ಹೊಡೆಸುವಾಗ ಅಟ್ಟದಲ್ಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿದೆವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಉಪ್ಪನ ಹೆಸರು, ಅದರ ಕೆಳಗಿನ ‘ದಮ್ಮಾಮ್ - ಬಾಂಬೆ’ ಎಂಬ ಅಕ್ಷರ ಇನ್ನೂ ಮಾಸಿರಲಿಲ್ಲ. ಬೀಗ ತುಕ್ಕು ಹಿಡಿದಿತ್ತು, ಒಡೆದೇ ತೆಗೆಯಬೇಕಾಯಿತು. ಒಳಗೆ ಚಿನ್ನವೂ ಇರಲಿಲ್ಲ, ಜಾಗದ ದಾಖಲೆಯೂ ಇರಲಿಲ್ಲ. ಅಂಚಿಗೆ ಕೆಂಪು-ನೀಲಿ ಪಟ್ಟಿ ಇದ್ದ ಏರ್‌ಮೇಲ್ ಲಕೋಟೆಗಳ ಎರಡು ಕಟ್ಟು, ಒಂಬತ್ತು ಕ್ಯಾಸೆಟ್, ಹಿಡಿ ಮುರಿದ ಒಂದು ಟೇಪ್‌ರೆಕಾರ್ಡರ್. ಅಷ್ಟೇ.

ಉಮ್ಮ ಹತ್ತಿರ ಬಂದು ಕುಳಿತರು. ಒಂದು ಕಾಗದ ಬಿಡಿಸಿ ನಮ್ಮ ಕೈಗೆ ಕೊಟ್ಟು, ‘‘ಓದು’’ ಎಂದರು. ನಲ್ವತ್ತು ವರ್ಷದ ಹಿಂದೆ ಹೇಳುತ್ತಿದ್ದ ಹಾಗೆಯೇ.

ಅಷ್ಟರಲ್ಲಿ ಅವರ ಮಡಿಲಲ್ಲಿದ್ದ ಮೊಬೈಲ್ ಸದ್ದು ಮಾಡಿತು. ಇಂಗ್ಲಿಷಿನಲ್ಲಿ ಏನೋ ಒಂದು ಮೆಸೇಜ್, ನಡುವೆ ನಾಲ್ಕು ಅಂಕೆ. ಅದನ್ನೂ ನಮ್ಮ ಕಡೆಗೆ ಚಾಚಿ, ‘‘ಇದೆಂತ ಬಂದದ್ದು, ನೋಡು’’ ಎಂದರು.

ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಕುಳಿತಾಗ ನಮಗೆ ಹೊಳೆದದ್ದು ಇದು: ಈ ನಲ್ವತ್ತು ವರ್ಷಗಳಲ್ಲಿ ಪ್ರಪಂಚ ಎಷ್ಟೋ ಬದಲಾಗಿದೆ, ನಿಜ. ಆದರೆ ನಮ್ಮ ಉಮ್ಮಂದಿರು ಹೊರಟಲ್ಲಿಗೇ ತಿರುಗಿ ಬಂದು ನಿಂತಿದ್ದಾರೆ. ಅಂದು ಕಾಗದ ಓದಲು ಇನ್ನೊಬ್ಬರು ಬೇಕಿತ್ತು. ಇಂದು ಮೊಬೈಲ್ ಓದಲು ಇನ್ನೊಬ್ಬರು ಬೇಕು. ನಡುವೆ ಸ್ವಲ್ಪ ಕಾಲ ಮಾತ್ರ ಅವರಿಗೆ ಯಾರೂ ಬೇಕಿರಲಿಲ್ಲ. ಆ ಕತೆಯನ್ನು ಈ ವಾರ ಹೇಳಬೇಕೆನಿಸಿತು.

ಬೀದಿಗೆಲ್ಲ ಒಬ್ಬ ಓದುಗ

ನಮ್ಮ ಉಮ್ಮ ಅನಕ್ಷರಸ್ಥೆಯಲ್ಲ. ಕುರ್‌ಆನ್ ಓದುತ್ತಾರೆ. ಮದ್ರಸದಲ್ಲಿ ಕಲಿತ ಅರಬಿ-ಮಲಯಾಳಂ ಅಕ್ಷರಗಳನ್ನು ಕೂಡಿಸಿ ಓದಲೂ ಬರುತ್ತಿತ್ತು. ಆದರೆ ಉಪ್ಪ ಕಾಗದ ಬರೆಯುತ್ತಿದ್ದುದು ನಾಲ್ಕನೇ ಕ್ಲಾಸಿನಲ್ಲಿ ಬಿಟ್ಟುಬಂದ ಕನ್ನಡದಲ್ಲಿ. ಆ ಅಕ್ಷರ ಉಮ್ಮನಿಗೆ ಬಾರದು. ಮನೆಯೊಳಗೆ ಇಬ್ಬರೂ ಮಾತನಾಡುವುದು ಬ್ಯಾರಿ. ಬ್ಯಾರಿಯಲ್ಲಿ ಕಾಗದ ಬರೆಯುವ ರೂಢಿ ನಮ್ಮ ಕಡೆ ಇರಲಿಲ್ಲ. ಹಾಗಾಗಿ ಗಂಡ-ಹೆಂಡತಿಯ ಮಾತು ಒಂದು ಸಲ ಕನ್ನಡವಾಗಿ, ಮತ್ತೆ ನಮ್ಮಂಥ ಮಕ್ಕಳ ಬಾಯಲ್ಲಿ ಬ್ಯಾರಿಯಾಗಿ ಅವರ ಕಿವಿಗೆ ಬೀಳಬೇಕಿತ್ತು.

ನಮ್ಮ ಬೀದಿಯಲ್ಲಿ ಬೀಡಿ ಕಟ್ಟುವ ಏಳೆಂಟು ಮನೆ. ಹೆಚ್ಚಿನ ಮನೆಯ ಗಂಡಸರು ಸೌದಿ, ದುಬೈ, ಕುವೈತ್‌ನಲ್ಲಿ. ಅಂಚೆಯಣ್ಣ ಬಂದರೆ ಹೆಂಗಸರು ಸೂಪು ಪಕ್ಕಕ್ಕಿಟ್ಟು ನಮ್ಮನ್ನು ಕರೆಯುತ್ತಿದ್ದರು. ಕಾಗದ ಬರಲು ಹತ್ತು-ಹದಿನೈದು ದಿನ. ಉತ್ತರ ಹೋಗಲು ಮತ್ತೆ ಅಷ್ಟೇ. ‘ಮಗುವಿಗೆ ಜ್ವರ’ ಎಂದು ಬರೆದರೆ, ‘ಡಾಕ್ಟರಿಗೆ ತೋರಿಸು’ ಎಂಬ ಉತ್ತರ ಬರುವಾಗ ಮಗು ಗುಣವಾಗಿ ಶಾಲೆಗೆ ಹೋಗುತ್ತಿತ್ತು.

ಆಗ ನಡೆದ ಒಂದು ಸಂಗತಿಯನ್ನು ನಾವು ಮರೆತಿಲ್ಲ. ನೆರೆಮನೆಯ ತಾತನಿಗೆ ಬಂದ ಕಾಗದವನ್ನು ನಾವು ಜಗಲಿಯಲ್ಲಿ ನಿಂತು, ಎಲ್ಲರೂ ಕೇಳುವಂತೆ ಜೋರಾಗಿ ಓದಿದೆವು. ನಡುವೆ, ಕಫೀಲ್ ಕೆಲಸದಿಂದ ತೆಗೆದುಹಾಕಿದ್ದಾನೆ, ಎರಡು ತಿಂಗಳಿಂದ ಸಂಬಳ ಇಲ್ಲ, ಯಾರಿಗೂ ಹೇಳಬೇಡ ಎಂಬ ಸಾಲು. ಓದಿ ಮುಗಿಸುವಾಗ ನಾಲ್ಕು ಜನ ಕೇಳಿಸಿಕೊಂಡಾಗಿತ್ತು. ಆ ತಾತ ಏನೂ ಹೇಳಲಿಲ್ಲ. ಕಾಗದ ಮಡಚಿ ಒಳಗೆ ಹೋದರು. ಅಂದು ರಾತ್ರಿ ಉಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು: ‘‘ಇನ್ನೊಬ್ಬರ ಕಾಗದ ಅಂದರೆ ಅಮಾನತ್. ಮೊದಲು ನೀನು ಮನಸ್ಸಲ್ಲಿ ಓದಬೇಕು. ಆಮೇಲೆ ಅವರ ಕಿವಿಗೆ ಮಾತ್ರ ಹೇಳಬೇಕು.’’

ಈ ಮಾತು ಇವತ್ತು ಮೊಬೈಲಿಗೆ ಎಷ್ಟು ಸಲ್ಲುತ್ತದೆ ಎಂಬುದನ್ನು ಮುಂದೆ ನೋಡುವಾ.

ದನಿಯೇ ಬಂದಿಳಿದಾಗ

ಗಲ್ಫ್‌ನಿಂದ ಬಂದ ಟೇಪ್‌ರೆಕಾರ್ಡರನ್ನು ನಮ್ಮ ಮನೆಗಳವರು ಹಾಡು ಕೇಳುವ ಪೆಟ್ಟಿಗೆ ಎಂದುಕೊಂಡಿದ್ದರು. ಹಾಡು ಕೇಳಿದ್ದೂ ಹೌದು. 1970ರ ದಶಕದಲ್ಲಿ ಮಲಬಾರಿನ ಎಸ್.ಎ. ಜಮೀಲ್ ಅವರು ಕಟ್ಟಿದ ‘ದುಬೈ ಕತ್ತ್ ಪಾಟ್ಟ್’ ನಮ್ಮ ಕಡೆಯ ಮನೆಗಳಲ್ಲೂ ಹಾಡಿತು. ಊರಲ್ಲಿ ಉಳಿದ ಹೆಂಡತಿ ದುಬೈಯಲ್ಲಿರುವ ಗಂಡನಿಗೆ ಬರೆಯುವ ಕಾಗದದ ರೂಪದ ಹಾಡು ಅದು. ಅದನ್ನು ಕೇಳಿ ಎಷ್ಟು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಾರೋ ಲೆಕ್ಕವಿಲ್ಲ.

ಆದರೆ ಆ ಪೆಟ್ಟಿಗೆಯಲ್ಲಿ ಕೆಂಪು ಗುಂಡಿಯೊಂದಿತ್ತು. ಅದನ್ನು ಒತ್ತಿದರೆ ನಮ್ಮ ದನಿಯೇ ಕ್ಯಾಸೆಟ್‌ಗೆ ಇಳಿಯುತ್ತದೆ ಎಂದು ಗೊತ್ತಾದ ಮೇಲೆ ಬೀದಿಯ ಚಂದವೇ ಬೇರೆಯಾಯಿತು. ಊರಿಗೆ ಬರುವವರ ಕೈಯಲ್ಲಿ ಉಪ್ಪ ಅರುವತ್ತು ನಿಮಿಷದ ಕ್ಯಾಸೆಟ್ ಕಳುಹಿಸುತ್ತಿದ್ದರು. ಒಂದು ಬದಿಯಲ್ಲಿ ಅವರ ಮಾತು, ಇನ್ನೊಂದು ಬದಿ ಖಾಲಿ. ಅದರಲ್ಲಿ ನಾವು ಮಾತನಾಡಿ ತಿರುಗಿ ಕಳುಹಿಸಬೇಕು. ಉಮ್ಮ ಕೋಣೆಯ ಬಾಗಿಲು ಹಾಕಿಕೊಂಡು, ನಮ್ಮನ್ನು ಹೊರಗೆ ನಿಲ್ಲಿಸಿ ಮಾತನಾಡುತ್ತಿದ್ದರು. ನಮ್ಮ ನಾಲಿಗೆಯಲ್ಲಿ ಕನ್ನಡವಾಗದೆ, ಯಾರದೋ ಪೆನ್ನಿಗೆ ಸಿಕ್ಕದೆ, ಅವರ ಬ್ಯಾರಿ ಮಾತು ಇದ್ದಂತೆಯೇ ದಮ್ಮಾಮಿಗೆ ಹೋಗುತ್ತಿತ್ತು. ನಡುವೆ ಕೋಳಿ ಕೂಗಿದ್ದು, ಮಳೆ ಹೊಡೆದದ್ದು, ಪಳ್ಳಿಯ ಬಾಂಗ್ ಎಲ್ಲವೂ ಹೋಗುತ್ತಿತ್ತು.

ಹಳದಿ ಬೋರ್ಡಿನ ಬೂತ್

ಅಷ್ಟರಲ್ಲಿ ಪೇಟೆಗೆ ಎಸ್‌ಟಿಡಿ-ಐಎಸ್‌ಡಿ ಬೂತ್ ಬಂತು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಇಲ್ಲಿಯದೇ ಟೆಲಿಫೋನ್ ಎಕ್ಸ್‌ಚೇಂಜ್‌ಗಳನ್ನು ತಯಾರಿಸತೊಡಗಿದ ಮೇಲೆ ಹಳ್ಳಿಹಳ್ಳಿಗೂ ಫೋನ್ ತಂತಿ ತಲುಪಿತು. ಗಾಜಿನ ಪೆಟ್ಟಿಗೆಯೊಳಗೆ ನಿಂತು ಮಾತನಾಡುವಾಗ ಕಣ್ಣು ಮಾತ್ರ ತಲೆಯ ಮೇಲಿನ ಕೆಂಪು ಅಂಕೆಯ ಮೇಲೆ. ಸೌದಿಗೆ ಹಚ್ಚಿದರೆ ಮೀಟರ್ ಓಡುವ ಓಟಕ್ಕೆ ಎದೆ ಹೊಡೆದುಕೊಳ್ಳುತ್ತಿತ್ತು. ‘‘ಹೇಗಿದ್ದೀ, ಮಕ್ಕಳು ಹೇಗಿದ್ದಾರೆ, ಹಣ ಸಿಕ್ಕಿತಾ, ಇಡ್ತೇನೆ’’ – ಇಷ್ಟೇ. ಮೂರು ತಿಂಗಳಿಂದ ಕೂಡಿಟ್ಟ ಮಾತು ಮೂರು ನಿಮಿಷದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಮನೆಗೆ ಫೋನ್ ಇದ್ದವರು ಬೀದಿಗೆ ಒಬ್ಬರೋ ಇಬ್ಬರೋ. ‘ಶುಕ್ರವಾರ ಜುಮಾ ಕಳೆದು ಮಾಡ್ತೇನೆ’ ಎಂದು ಗಲ್ಫ್‌ನಿಂದ ಹೇಳಿ ಕಳುಹಿಸಿದರೆ ಮಧ್ಯಾಹ್ನದಿಂದಲೇ ಅವರ ಜಗಲಿಯಲ್ಲಿ ಕಾದು ಕೂರಬೇಕು. ತಂತಿ ಬಂದರಂತೂ ಓದುವ ಮೊದಲೇ ಅಳು, ಏಕೆಂದರೆ ತಂತಿ ಎಂದರೆ ಸಾವಿನ ಸುದ್ದಿ ಎಂದೇ ಲೆಕ್ಕ. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತೇ ಹೋಯಿತು. ಈಗ ಸಾವಿನ ಸುದ್ದಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮನೆಯವರಿಗಿಂತ ಮೊದಲು ಊರಿಗೆ ಗೊತ್ತಾಗುತ್ತದೆ. ಅಂಚೆಯಣ್ಣನಾದರೂ ಬಾಗಿಲಲ್ಲಿ ಒಂದು ಕ್ಷಣ ತಲೆ ತಗ್ಗಿಸಿ ನಿಲ್ಲುತ್ತಿದ್ದ.

ಸೈಬರ್ ಕೆಫೆ: ಉಮ್ಮ ಹೊರಗುಳಿದ ಕಾಲ

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಶುರುಮಾಡಿತು. ಅದಕ್ಕೆ ಎರಡು ವಾರ ಮೊದಲು, ಜುಲೈ 31ರಂದು, ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತದಿಂದ ದಿಲ್ಲಿಗೆ ಹೋಗಿತ್ತು. ಮೊದಲ ವರ್ಷಗಳಲ್ಲಿ ನಮಗೆ ಬಂದ ಕರೆಗೂ ನಾವೇ ಹಣ ಕೊಡಬೇಕಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ.

1998ರ ಕೊನೆಗೆ ಖಾಸಗಿ ಕಂಪೆನಿಗಳಿಗೂ ಇಂಟರ್‌ನೆಟ್ ಕೊಡುವ ಅನುಮತಿ ಸಿಕ್ಕಿತು. ಅದರ ಬೆನ್ನಿಗೇ ಮಂಗಳೂರಿನ ಹಂಪನಕಟ್ಟೆ, ಬಂದರು, ಆಮೇಲೆ ಸುರತ್ಕಲ್, ದೇರಳಕಟ್ಟೆ, ಬಿ.ಸಿ. ರೋಡ್, ಪುತ್ತೂರುಗಳಲ್ಲಿ ಸೈಬರ್ ಕೆಫೆಗಳು ಎದ್ದವು. ಮೊದಮೊದಲು ಗಂಟೆಗೆ ಐವತ್ತು ರೂಪಾಯಿಯಂತೆ ಕೊಟ್ಟ ನೆನಪು. ನಂತರ ಅದು ಇಪ್ಪತ್ತಕ್ಕೆ ಇಳಿಯಿತು. ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರಲ್ಲಿ ಶುರುಮಾಡಿದ ಹಾಟ್‌ಮೇಲ್‌ನಲ್ಲಿ ಎಷ್ಟೋ ಹುಡುಗರು ಖಾತೆ ತೆರೆದರು. ದುಬೈಗೆ ಹೋದ ನಮ್ಮ ಕಾಕ ಅಲ್ಲಿಂದ ಇಮೇಲ್ ಕಳುಹಿಸತೊಡಗಿದರು.

ಆಗಿನ ವೇಗ ಎಷ್ಟೆಂದು ಇಂದಿನ ಮಕ್ಕಳಿಗೆ ಒಂದು ಲೆಕ್ಕ ಹೇಳುವಾ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಸುಮಾರು 4 ಎಂಬಿ ಎಂದಿಟ್ಟುಕೊಳ್ಳಿ. ವಿಎಸ್‌ಎನ್‌ಎಲ್‌ನ ಆರಂಭದ 9.6 ಕೆಬಿಪಿಎಸ್ ಲೈನಿನಲ್ಲಿ ಅದು ಇಳಿಯಲು ಐವತ್ತೈದು ನಿಮಿಷ ಬೇಕು. ಕೆಫೆಯ 56 ಕೆಬಿಪಿಎಸ್ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ ಒಂಬತ್ತೂವರೆ ನಿಮಿಷ. 20 ಎಂಬಿಪಿಎಸ್ ಸಿಗುವ ಇಂದಿನ 4ಜಿ ಫೋನಿನಲ್ಲಿ ಎರಡು ಸೆಕೆಂಡೂ ಬೇಡ. ಯಂತ್ರದ ಹೊಟ್ಟೆಯೂ ಹಾಗೆಯೇ ಬೆಳೆಯಿತು. 1971ರಲ್ಲಿ ಬಂದ ಇಂಟೆಲ್ 4004 ಎಂಬ ಚಿಪ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್. ಈಗ ಒಳ್ಳೆಯ ಮೊಬೈಲಿನ ಚಿಪ್‌ನಲ್ಲಿ ಇರುವುದು ಸಾವಿರ ಕೋಟಿಗೂ ಮಿಕ್ಕಿ.

ಆದರೆ ಇಮೇಲ್ ಬಂದಾಗ ಉಮ್ಮ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಕ್ಯಾಸೆಟ್ ಬರುವುದು ನಿಂತಿತು. ಕಾಕ ಬರೆಯುತ್ತಿದ್ದುದು ಇಂಗ್ಲಿಷ್ ಅಕ್ಷರದಲ್ಲಿ, ಅರ್ಧ ಕನ್ನಡ, ಅರ್ಧ ಬ್ಯಾರಿ. ನಾವು ಕೆಫೆಯಲ್ಲಿ ಅದನ್ನು ಪ್ರಿಂಟ್ ತೆಗೆದು ತಂದು ಓದಿ ಹೇಳಬೇಕು. ಕೆಫೆಯ ಮರದ ಗೂಡಿನೊಳಗೆ ಉಮ್ಮಂದಿರು ಬಂದು ಕೂರುವ ಕ್ರಮವೇ ಇರಲಿಲ್ಲ. ಉಮ್ಮ ಹೇಳಿದ ಹತ್ತು ಮಾತಿನಲ್ಲಿ ನಾವು ಟೈಪ್ ಮಾಡುತ್ತಿದ್ದುದು ಎರಡು. ‘ಉಮ್ಮ ಸಲಾಂ ಹೇಳಿದ್ದಾರೆ, ಆರೋಗ್ಯವಾಗಿದ್ದಾರೆ’ ಎಂದು ಮುಗಿಸುತ್ತಿದ್ದೆವು. ಇದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಇಂಗ್ಲಿಷ್ ಅಕ್ಷರ ಏಕೆ ಎಂದರೆ, ಕಂಪ್ಯೂಟರಿಗೆ ಕನ್ನಡ ಬಾರದು ಎಂದೇ ನಾವು ನಂಬಿದ್ದೆವು. ಅದು ತಪ್ಪು. ಕನ್ನಡವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ನಮ್ಮ ಊರಿನವರೇ ಮಾಡಿದ್ದರು. ಮಂಗಳೂರು ಸಮೀಪದ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರು, ಇಂಗ್ಲಿಷ್ ಕೀಲಿಮಣೆಯಲ್ಲಿ ಉಚ್ಚಾರಕ್ಕೆ ತಕ್ಕ ಹಾಗೆ ಕನ್ನಡ ಬೆರಳಚ್ಚಿಸುವ ವಿನ್ಯಾಸ ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಅದೇ ವಿನ್ಯಾಸ ಮುಂದೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ಕರ್ನಾಟಕ ಸರಕಾರದ ಅಧಿಕೃತ ಕೀಲಿಮಣೆಯಾಯಿತು. ಬರಹ, ನುಡಿ ತಂತ್ರಾಂಶಗಳು ಬಂದವು. ಪ್ರಪಂಚದ ಎಲ್ಲ ಲಿಪಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡ ಇತ್ತು. ಅದು ಎಲ್ಲ ಮೊಬೈಲಿಗೂ ತಲುಪಿದ ಮೇಲೆ ಕನ್ನಡ ಅಕ್ಷರದಲ್ಲಿ ಬ್ಯಾರಿ ಮಾತು ಬರೆಯುವುದು ಹುಡುಗರಿಗೆ ನೀರು ಕುಡಿದಷ್ಟು ಸಲೀಸಾಯಿತು. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡಮಿ ಸ್ಥಾಪನೆಯಾದ ಮೇಲೆ ಬ್ಯಾರಿಯಲ್ಲಿ ಬರೆಯುವ ಹುಮ್ಮಸ್ಸೂ ಹೆಚ್ಚಿತು. ಆದರೂ ಅಕ್ಷರ ಬಾರದ ಉಮ್ಮನಿಗೆ ಇದರಿಂದ ಸಿಕ್ಕಿದ್ದು ಕಡಿಮೆ.

ಒಂದು ಗುಂಡಿ ಒತ್ತಿದರೆ ಸಾಕು

ಅವರಿಗೆ ನಿಜವಾಗಿ ಸಿಕ್ಕಿದ್ದು 2013ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮೈಕಿನ ಚಿತ್ರದ ಒಂದು ಗುಂಡಿ ಬಂತು. ಒತ್ತಿ ಹಿಡಿದು ಮಾತನಾಡಿ, ಬಿಟ್ಟರೆ ಮಾತು ಹೋಗುತ್ತದೆ. ಯೋಚಿಸಿ ನೋಡಿದರೆ ಇದು ನಮ್ಮ ಹಳೆಯ ಟೇಪ್‌ರೆಕಾರ್ಡರಿನ ಕೆಂಪು ಗುಂಡಿಯೇ. ಊರಿಗೆ ಬರುವವರನ್ನು ಕಾಯಬೇಕಿಲ್ಲ, ಅಷ್ಟೇ ವ್ಯತ್ಯಾಸ.

ಉಮ್ಮ ಅದನ್ನು ಒಂದೇ ದಿನದಲ್ಲಿ ಕಲಿತರು. ಅಕ್ಷರ ಬೇಡ, ಇಂಗ್ಲಿಷ್ ಬೇಡ, ನಾವೂ ಬೇಡ. ‘‘ಮೋನೇ’’ ಎಂದು ಶುರುಮಾಡಿದರೆ ಎರಡು ನಿಮಿಷ ನಿಲ್ಲಿಸುತ್ತಿರಲಿಲ್ಲ. ದುಬೈಯಲ್ಲಿ ಸೈಟಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಕಾಕ ಅದನ್ನು ಕೇಳುತ್ತಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ತಿಂಗಳುಗಟ್ಟಲೆ ಉಚಿತ ಡೇಟಾ ಸಿಕ್ಕಿತು, ಬೇರೆ ಕಂಪೆನಿಗಳ ದರವೂ ಬಿತ್ತು. ಅದೇ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕರೆಯೂ ಬಂತು. ಸೌದಿಯಲ್ಲಿ ಇಂಥ ಇಂಟರ್‌ನೆಟ್ ಕರೆಗಳ ಮೇಲಿದ್ದ ನಿರ್ಬಂಧ 2017ರ ಸೆಪ್ಟೆಂಬರ್‌ನಲ್ಲಿ ತೆರವಾಯಿತು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ಅವಕಾಶ ಕೊಡಲಿಲ್ಲ. ಅಲ್ಲಿರುವವರು ಬೋಟಿಮ್‌ನಂಥ, ಸರಕಾರ ಅನುಮತಿ ಕೊಟ್ಟ ಆ್ಯಪ್‌ಗಳಲ್ಲಿ ಮಾತನಾಡುತ್ತಾರೆ, ಇಲ್ಲವೇ ದನಿ ಮುದ್ರಿಸಿ ಕಳುಹಿಸುತ್ತಾರೆ. ಅದಕ್ಕೇ ದುಬೈಯಲ್ಲಿ ಮಕ್ಕಳಿರುವ ಮನೆಗಳಲ್ಲಿ ಆ ಮೈಕಿನ ಗುಂಡಿಗೆ ಇವತ್ತಿಗೂ ಅಷ್ಟು ಬೆಲೆ.

‘‘ಇದು ಆಕಾಶದಲ್ಲಿ ಹೋಗುವುದಾ?’’ ಎಂದು ಉಮ್ಮ ಒಮ್ಮೆ ಕೇಳಿದರು. ಟವರಿನವರೆಗೆ ಗಾಳಿಯಲ್ಲಿ, ಅಲ್ಲಿಂದ ಮುಂದೆ ಹೆಚ್ಚಾಗಿ ಸಮುದ್ರದ ಅಡಿಯಲ್ಲಿ. ಗಾಜಿನ ಎಳೆಯ ಕೇಬಲ್‌ಗಳು ಅರಬಿ ಸಮುದ್ರದ ತಳದಲ್ಲಿ ಮಲಗಿವೆ. 1997ರಲ್ಲಿ ಶುರುವಾದ ಫ್ಲ್ಯಾಗ್ ಎಂಬ ಕೇಬಲ್ ಮುಂಬೈಯನ್ನೂ ಯುಎಇಯ ಫುಜೈರಾವನ್ನೂ ಮುಟ್ಟಿಕೊಂಡು ಹೋಗುತ್ತದೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್ ತುಂಡಾದಾಗ ಗಲ್ಫ್‌ನಲ್ಲೂ ಭಾರತದಲ್ಲೂ ಇಂಟರ್‌ನೆಟ್ ತೆವಳತೊಡಗಿತ್ತು. ನಮ್ಮ ಹಿರಿಯರು ಹಾಯಿದೋಣಿಯಲ್ಲಿ ದಾಟಿದ ಸಮುದ್ರದ ತಳದಲ್ಲೇ ಈಗ ಉಮ್ಮನ ದನಿ ದಾಟುತ್ತಿದೆ.

ಮತ್ತೆ ಕಾಗದದ ಕಾಲ

ಇಲ್ಲಿಗೆ ಕತೆ ಮುಗಿದಿದ್ದರೆ ಎಷ್ಟು ಚಂದವಿತ್ತು. ಮುಗಿಯಲಿಲ್ಲ.

ಮೊಬೈಲ್ ಮೊದಲು ಮಾತಿನ ಯಂತ್ರವಾಗಿತ್ತು. ಆಮೇಲೆ ಕಚೇರಿಯಾಯಿತು. ಬ್ಯಾಂಕ್ ಅದರೊಳಗೆ ಬಂತು, ಗ್ಯಾಸ್ ಬುಕಿಂಗ್ ಬಂತು, ಆಧಾರ್, ಪಿಂಚಣಿ, ಪಾಸ್‌ಪೋರ್ಟ್ ಅಪಾಯಿಂಟ್‌ಮೆಂಟ್ ಬಂತು. ಹಜ್‌ಗೆ ಅರ್ಜಿ ಹಾಕುವುದೂ ಆನ್‌ಲೈನಿನಲ್ಲೇ. 2024ರಲ್ಲಿ ಹಜ್ ಯಾತ್ರಿಕರಿಗೆಂದು ಕೇಂದ್ರ ಸರಕಾರ ‘ಹಜ್ ಸುವಿಧಾ’ ಎಂಬ ಆ್ಯಪ್ ಹೊರಡಿಸಿತು. 2016ರಲ್ಲಿ ಶುರುವಾದ ಯುಪಿಐಯಿಂದ ಮೀನು ಮಾರುವವರ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಚೀಟಿ ನಿಂತಿತು. ಒಳ್ಳೆಯದೇ. ಡಿಡಿ ಹಿಡಿದು ಬ್ಯಾಂಕಿನ ಮುಂದೆ ದಿನಗಟ್ಟಲೆ ಕಾದದ್ದನ್ನು ನಾವು ಮರೆತಿಲ್ಲ.

ಆದರೆ ಈ ಕಚೇರಿಯ ಭಾಷೆ ಅಕ್ಷರ ಮತ್ತು ಅಂಕೆ. ಅದರಲ್ಲೂ ಹೆಚ್ಚಿನದು ಇಂಗ್ಲಿಷ್. ಮಾತಿನಲ್ಲಿ ಸ್ವತಂತ್ರರಾಗಿದ್ದ ಉಮ್ಮಂದಿರು ಮತ್ತೆ ‘‘ಇದೆಂತ, ನೋಡು’’ ಎಂದು ಮಕ್ಕಳ ಕಡೆಗೆ ಕೈಚಾಚುವಂತಾಯಿತು. ಅಂದು ನಾವು ಮಾಡುತ್ತಿದ್ದ ಕೆಲಸವನ್ನು ಇಂದು ನಮ್ಮ ಮಕ್ಕಳು ಮಾಡುತ್ತಿದ್ದಾರೆ. ಆಗ ಕಾಗದ ತಪ್ಪಿ ಓದಿದರೆ ಮಾನ ಹೋಗುತ್ತಿತ್ತು. ಈಗ ಹಣವೂ ಹೋಗುತ್ತದೆ.

ನಮ್ಮ ನೆರೆಯಲ್ಲೇ ನಡೆದದ್ದನ್ನು ಹೇಳುತ್ತೇವೆ. ಬೀಡಿ ಕಟ್ಟಿ, ಮಗ ಕಳುಹಿಸಿದ್ದರಲ್ಲಿ ಉಳಿಸಿ, ಮೊಮ್ಮಗಳ ಮದುವೆಗೆಂದು ಇಟ್ಟಿದ್ದ ಒಬ್ಬ ಹಿರಿಯ ಹೆಂಗಸಿನ ಖಾತೆಯಿಂದ ಒಂದು ಮಧ್ಯಾಹ್ನ 48 ಸಾವಿರ ರೂಪಾಯಿ ಹೋಯಿತು. ಬ್ಯಾಂಕಿನಿಂದ ಎಂದು ಹೇಳಿ ಯಾರೋ ಕರೆ ಮಾಡಿದ್ದರು. ಕೆವೈಸಿ ಆಗಿಲ್ಲ, ಖಾತೆ ಬಂದ್ ಆಗುತ್ತದೆ, ಒಂದು ನಂಬರ್ ಬರುತ್ತದೆ ಹೇಳಿ ಎಂದರು. ಅವರು ಹೇಳಿದರು. ಮೂರು ಸಲ ಬಂತು, ಮೂರು ಸಲವೂ ಹೇಳಿದರು.

ಮನೆಯವರೆಲ್ಲ ಅವರನ್ನೇ ಬೈದರು. ‘‘ಒಟಿಪಿ ಯಾರಿಗೂ ಹೇಳಬಾರದು ಅಂತ ಗೊತ್ತಿಲ್ವಾ?’’ ಅವರು ಅಳುತ್ತಾ ಕೇಳಿದ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ: ‘‘ಗ್ಯಾಸಿನವನು ಬಂದಾಗ ನಂಬರ್ ಹೇಳಿ ಅಂತ ನೀವೇ ಅಲ್ವಾ ಹೇಳಿಕೊಟ್ಟದ್ದು? ಪಾರ್ಸೆಲ್ ತಂದವನಿಗೂ ಹೇಳಿದೆ. ಇದು ಬೇರೆ ಅಂತ ನನಗೆ ಹೇಗೆ ಗೊತ್ತಾಗಬೇಕು?’’

ಅವರು ಹೇಳಿದ್ದು ಸರಿ. ಎಲ್ಲ ಕಡೆಯೂ ನಂಬರ್ ಹೇಳುವ ಅಭ್ಯಾಸವನ್ನು ನಾವೇ ಮಾಡಿಸಿದ್ದೆವು. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂದು ಕೂರಿಸಿಕೊಂಡು ವಿವರಿಸಿದವರು ಯಾರೂ ಇಲ್ಲ. ಆ ದಿನ ಮೊಮ್ಮಗ ತಕ್ಷಣ 1930ಕ್ಕೆ ಕರೆ ಮಾಡಿದ. ಸ್ವಲ್ಪ ಹಣ ಎದುರಿನ ಖಾತೆಯಲ್ಲೇ ತಡೆಹಿಡಿಯಲ್ಪಟ್ಟು, ತಿಂಗಳುಗಳ ಅಲೆದಾಟದ ನಂತರ ಮರಳಿತು. ಉಳಿದದ್ದು ಹೋಯಿತು.

ಮನೆಯಲ್ಲಿ ಕೂತು ಮಾತಾಡಬೇಕಾದ್ದು

ಈ ಘಟನೆಯ ನಂತರ ನಮ್ಮ ಮನೆಯಲ್ಲಿ ಮಾಡಿಕೊಂಡ ಕೆಲವು ಏರ್ಪಾಡುಗಳನ್ನು ಹೇಳುತ್ತೇವೆ. ನಿಮ್ಮ ಮನೆಗೂ ಆದೀತು.

ಮೊದಲನೆಯದು ನಂಬರಿನ ಮಾತು. ‘ಯಾರಿಗೂ ಹೇಳಬೇಡಿ’ ಎಂದರೆ ಸಾಲದು, ಏಕೆಂದರೆ ಗ್ಯಾಸಿನವನಿಗೆ ಹೇಳಲೇಬೇಕು. ನಾವು ಹೀಗೆ ಹೇಳಿಕೊಟ್ಟೆವು: ‘‘ನಾವೇ ಬುಕ್ ಮಾಡಿದ ಸಾಮಾನು ಕಣ್ಣೆದುರು ಜಗಲಿಗೆ ಬಂದಿದ್ದರೆ ಮಾತ್ರ ನಂಬರ್. ಫೋನಿನಲ್ಲಿ ಕೇಳಿದವರು ಯಾರೇ ಆಗಲಿ, ಇಲ್ಲ.’’ ಇದು ಉಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಎರಡನೆಯದು, ಹಣ ಹೋಯಿತೆಂದು ತಿಳಿದ ಕೂಡಲೇ 1930. ಬೈಯುವುದು, ಅಳುವುದು ಆಮೇಲೆ. ಎಷ್ಟು ಬೇಗ ಹೇಳುತ್ತೇವೋ ಹಣ ಅಷ್ಟು ಹತ್ತಿರದಲ್ಲೇ ತಡೆಹಿಡಿಯಲ್ಪಡುವ ಸಾಧ್ಯತೆ. ಈ ನಾಲ್ಕು ಅಂಕೆಯನ್ನು ಫ್ರಿಜ್ಜಿನ ಬಾಗಿಲಿಗೆ ದೊಡ್ಡದಾಗಿ ಅಂಟಿಸಿಟ್ಟಿದ್ದೇವೆ. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬಾರದು’ ಎಂದು ಹೆದರಿಸುವವರೂ ಇದ್ದಾರೆ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ.

ಮೂರನೆಯದು ದನಿಯ ಮಾತು. ಇಷ್ಟು ಕಾಲ ಉಮ್ಮ ನಂಬಿದ್ದು ದನಿಯನ್ನು. ಈಗ ಕೆಲವು ಸೆಕೆಂಡಿನ ಮಾತು ಸಿಕ್ಕಿದರೂ ಅದೇ ದನಿಯನ್ನು ನಕಲು ಮಾಡುವ ತಂತ್ರಾಂಶಗಳು ಬಂದಿವೆ. ಮಗನದೇ ದನಿಯಲ್ಲಿ ‘ಉಮ್ಮಾ, ಸಿಕ್ಕಿಬಿದ್ದಿದ್ದೇನೆ, ಹಣ ಹಾಕಿ’ ಎಂದು ಕರೆ ಬರಬಹುದು. ಅದಕ್ಕೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಂಡಿದ್ದೇವೆ. ಹಣ ಕೇಳುವವರು ಆ ಪದ ಹೇಳಬೇಕು. ಇಲ್ಲವೆಂದರೆ ಕರೆ ಕತ್ತರಿಸಿ, ನಮ್ಮಲ್ಲಿರುವ ನಂಬರಿಗೆ ನಾವೇ ತಿರುಗಿ ಮಾಡಬೇಕು.

ನಾಲ್ಕನೆಯದು ಹುಡುಗರಿಗೆ. ‘ನಿನ್ನ ಖಾತೆ ಕೊಡು, ಅದಕ್ಕೆ ಸ್ವಲ್ಪ ಹಣ ಬರುತ್ತದೆ, ತೆಗೆದುಕೊಟ್ಟರೆ ಕಮಿಷನ್’ ಎಂದು ಯಾರಾದರೂ ಹೇಳಿದರೆ, ಅದು ಇನ್ನೊಬ್ಬ ಉಮ್ಮನ 48 ಸಾವಿರ ಎಂದೇ ತಿಳಿಯಿರಿ. ತನಿಖೆ ಬರುವಾಗ ಮೊದಲು ಸಿಗುವುದು ಖಾತೆಯ ಯಜಮಾನನ ಹೆಸರು. ಪಾಸ್‌ಪೋರ್ಟ್ ಮಾಡಿಸಿ ಗಲ್ಫ್‌ಗೆ ಹೊರಡಬೇಕಾದ ವಯಸ್ಸಿನಲ್ಲಿ ಕೇಸು ಹೊತ್ತುಕೊಳ್ಳುವುದು ಬೇಡ. ಸಿಮ್ ಕಾರ್ಡನ್ನೂ ಇನ್ನೊಬ್ಬರಿಗೆ ತೆಗೆದುಕೊಡಬಾರದು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನೋಡಬಹುದು.

ಕೊನೆಯದು ನಮ್ಮ ಮಕ್ಕಳಿಗೆ, ಅಂದರೆ ಈಗಿನ ಓದುಗರಿಗೆ. ಉಮ್ಮನೋ ಅಜ್ಜಿಯೋ ಮೊಬೈಲ್ ಚಾಚಿ ‘ಇದೆಂತ’ ಎಂದಾಗ, ಕಸಿದುಕೊಂಡು ಟಕಟಕ ಒತ್ತಿ ವಾಪಸ್ ಕೊಡಬೇಡಿ. ಏನು ಬಂದಿದೆ, ಏನು ಒತ್ತಿದೆ, ಏಕೆ ಒತ್ತಿದೆ ಎಂದು ಬ್ಯಾರಿಯಲ್ಲೇ ಹೇಳಿ. ಅವರ ಪಾಸ್‌ವರ್ಡ್, ಅವರ ಬ್ಯಾಂಕ್ ಬಾಕಿ ನಿಮಗೆ ಗೊತ್ತಿದ್ದರೆ ಅದು ನಿಮ್ಮಲ್ಲೇ ಇರಲಿ. ಇನ್ನೊಬ್ಬರ ಕಾಗದ ಅಂದರೆ ಅಮಾನತ್.

ಒಂಬತ್ತು ಕ್ಯಾಸೆಟ್

ಟ್ರಂಕಿನಲ್ಲಿ ಸಿಕ್ಕ ಕ್ಯಾಸೆಟ್‌ಗಳ ಮಾತು ಬಾಕಿ ಉಂಟು. ಉಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಟೇಪ್‌ರೆಕಾರ್ಡರಿನ ಬೆಲ್ಟ್ ಕರಗಿ ಅಂಟಾಗಿತ್ತು. ಪೇಟೆಯಲ್ಲಿ ಹುಡುಕಿ ಹೊಸದು ಹಾಕಿಸಿದೆವು. ಇಯರ್‌ಫೋನ್ ತೂತಿನಿಂದ ಒಂದು ವಯರ್ ಎಳೆದು ಕಂಪ್ಯೂಟರಿಗೆ ಸಿಕ್ಕಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದಾಗಿ ಇಳಿಸಿದೆವು. ಒಂದು ಕ್ಯಾಸೆಟ್ ಪೂರ್ತಿ ಓಡುವಷ್ಟು ಹೊತ್ತು ಬೇಕು, ಅವಸರ ನಡೆಯುವುದಿಲ್ಲ. ಎರಡು ಕ್ಯಾಸೆಟ್ ಬೂಸರು ಹಿಡಿದು ಹಾಳಾಗಿದ್ದವು. ಏಳು ಉಳಿದವು.

ಅರುವತ್ತು ನಿಮಿಷದ ಒಂದು ಕ್ಯಾಸೆಟ್ ಸಾಧಾರಣ ಎಂಪಿ3 ಕಡತವಾದರೆ ಸುಮಾರು 58 ಎಂಬಿ. ಹಳೆಯ 1.44 ಎಂಬಿಯ ಫ್ಲಾಪಿಯಲ್ಲಿ ಇದರ ಒಂದೂವರೆ ನಿಮಿಷ ಮಾತ್ರ ಹಿಡಿಯುತ್ತಿತ್ತು. ಈಗ ಗೂಗಲ್ ಖಾತೆಯೊಂದಿಗೆ ಉಚಿತವಾಗಿ ಸಿಗುವ 15 ಜಿಬಿ ಜಾಗದಲ್ಲಿ ಇಂಥ ಇನ್ನೂರೈವತ್ತು ಕ್ಯಾಸೆಟ್ ಇಡಬಹುದು. ನಿಮ್ಮ ಅಟ್ಟದಲ್ಲೂ ಇಂಥದ್ದು ಇದ್ದರೆ ಮಳೆಗಾಲಕ್ಕೆ ಮೊದಲು ಇಳಿಸಿ ನೋಡಿ. ಹಾಗೆಯೇ ವಾಟ್ಸ್‌ಆ್ಯಪ್‌ನಲ್ಲಿರುವ ಹಿರಿಯರ ದನಿಯನ್ನೂ ಶೇರ್ ಮಾಡಿ ಬೇರೆ ಕಡೆ ಉಳಿಸಿಕೊಳ್ಳಿ. ಕಾಗದ ಟ್ರಂಕಿನಲ್ಲಿ ನಲ್ವತ್ತು ವರ್ಷ ಉಳಿಯಿತು. ಬ್ಯಾಕಪ್ ಇಲ್ಲದ ಮೊಬೈಲ್ ನೀರಿಗೆ ಬಿದ್ದರೆ ದನಿ ಒಂದೇ ದಿನದಲ್ಲಿ ಹೋಗುತ್ತದೆ.

ಆ ಸಂಜೆ ಉಪ್ಪನ ದನಿ ಹಾಕಿದಾಗ ಮನೆಯವರೆಲ್ಲ ಸುತ್ತ ಕುಳಿತೆವು. ಮಕ್ಕಳು ಅಜ್ಜನ ಮಾತು ಕೇಳಿದ್ದು ಅದೇ ಮೊದಲು. ಉಮ್ಮ ಸ್ವಲ್ಪ ಹೊತ್ತು ಕೇಳಿ, ‘‘ನಿಲ್ಲಿಸು, ಉಳಿದದ್ದು ನಾನೊಬ್ಬಳೇ ಕೇಳ್ತೇನೆ’’ ಎಂದರು. ಆಮೇಲೆ ಮೊಬೈಲ್ ತೆಗೆದು, ತಾವೇ ಮೈಕಿನ ಗುಂಡಿ ಒತ್ತಿ, ‘‘ಮೋನೇ, ನಿನ್ನ ಉಪ್ಪನ ದನಿ ಸಿಕ್ಕಿತು’’ ಎಂದು ದುಬೈಯಲ್ಲಿರುವ ಕಾಕನಿಗೆ ಕಳುಹಿಸಿದರು.

ಬೆಳಿಗ್ಗೆ ಬಂದಿದ್ದ ಆ ನಾಲ್ಕು ಅಂಕೆಯ ಮೆಸೇಜ್ ಆಗಲೂ ಪರದೆಯ ಮೇಲಿತ್ತು. ಅದು ಗ್ಯಾಸ್ ಸಿಲಿಂಡರಿನದ್ದು ಎಂದು ನಾವು ಓದಿ ಹೇಳಿದ್ದೆವು. ಅಷ್ಟರಲ್ಲಿ ಯಾರೋ ಕರೆ ಮಾಡಿ, ‘‘ಗ್ಯಾಸ್ ಆಫೀಸಿನಿಂದ, ನಂಬರ್ ಹೇಳಿ’’ ಎಂದರು. ನಾವು ಬಾಯಿ ತೆರೆಯುವ ಮೊದಲೇ ಉಮ್ಮ ಹೇಳಿದರು:

‘‘ಮೊದಲು ಸಿಲಿಂಡರ್ ಜಗಲಿಗೆ ಬರಲಿ ಮಾರಾಯ. ಆಮೇಲೆ ಹೇಳ್ತೇನೆ.’’